ಎಕರೆ, ಗುಂಟೆ, ಆಣೆ ಮತ್ತು ಮೂವತ್ತೆರಡು ಬಿಟ್

ಪ್ರೋಗ್ರಾಮಿನಲ್ಲಿ ಪೂರ್ಣಾಂಕದ ಡೇಟಾ ಟೈಪ್ ಎಂದರೆ ಎರಡು ಸಂಗತಿಗಳ ನಿಗದಿ. ಒಂದು, ಸಂಖ್ಯೆಗೆ ಎಷ್ಟು ಬಿಟ್‌ಗಳ ಜಾಗ ಎಂಬುದು. ಇನ್ನೊಂದು, ಆ ಬಿಟ್‌ಗಳನ್ನು ಹೇಗೆ ಓದಿಕೊಳ್ಳಬೇಕು ಎಂಬುದು. ಗಣಿತದ ಪೂರ್ಣಾಂಕಗಳಿಗೆ ಕೊನೆಯಿಲ್ಲ. ಪ್ರೋಗ್ರಾಮಿನ ಪೂರ್ಣಾಂಕಕ್ಕೆ ಇದೆ. ಏಕೆಂದರೆ ಅದು ಕಡೆಗೆ ಹೋಗಿ ಕೂರುವುದು ಪ್ರೊಸೆಸರಿನ ರಿಜಿಸ್ಟರಿನಲ್ಲಿ. ರಿಜಿಸ್ಟರಿಗೆ ಚಿಪ್ ತಯಾರಾಗುವಾಗಲೇ ಇಷ್ಟೇ ಬಿಟ್ ಎಂದು ಅಗಲ ಗೊತ್ತುಮಾಡಿರುತ್ತಾರೆ. ಕೂಡುವ ಮಂಡಲಕ್ಕೂ, ನೆನಪಿನ ಕೋಶಗಳಿಂದ ಅಂಕಿ ತರುವ ತಂತಿಗಳಿಗೂ ಅದೇ ಕಟ್ಟು. ಸಿ ಭಾಷೆಯ ಚಾರ್, ಶಾರ್ಟ್, ಇಂಟ್, ಲಾಂಗ್ ಎಂಬ ಹೆಸರುಗಳೆಲ್ಲ ಈ ಅಗಲಗಳಿಗೆ ಅಂಟಿಕೊಂಡು ಬಂದವು.

ಪೂರ್ಣಾಂಕವನ್ನೇ ಬೇಡುವ ಲೆಕ್ಕವೊಂದು ಕರ್ನಾಟಕದ ಪ್ರತಿ ಪಹಣಿಯಲ್ಲೂ ಇದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ ಒಂದು ಅಡಿಕೆ ತೋಟದ ವಿಸ್ತೀರ್ಣ 2 ಎಕರೆ 17 ಗುಂಟೆ 5 ಆಣೆ ಎಂದಿಟ್ಟುಕೊಳ್ಳಬಹುದು. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಪಹಣಿಯಲ್ಲಿ ಎಕರೆ, ಗುಂಟೆಗಳ ನಡುವೆ ಚುಕ್ಕೆ ಇಟ್ಟು 2.17 ಎಂದು ಬರೆಯುವ ರೂಢಿಯಿದೆ. ಇದನ್ನು ದಶಮಾಂಶ ಸಂಖ್ಯೆ ಎಂದು ತಿಳಿದು ಕಂಪ್ಯೂಟರಿಗೆ ಕೊಟ್ಟರೆ 17 ಗುಂಟೆ ಇದ್ದದ್ದು 6.8 ಗುಂಟೆಗೆ ಇಳಿಯುತ್ತದೆ. ರೈತನ ಹತ್ತು ಗುಂಟೆ ಚುಕ್ಕೆಯಲ್ಲೇ ಕರಗುತ್ತದೆ. ಎಲ್ಲವನ್ನೂ ಆಣೆಗೆ ಇಳಿಸಿ ಒಂದೇ ಪೂರ್ಣಾಂಕವಾಗಿ ಇಡುವುದು ಇದಕ್ಕಿಂತ ಕ್ಷೇಮದ ದಾರಿ. ಎಕರೆಗೆ 640 ಆಣೆಯಂತೆ ಈ ತೋಟ 1,557 ಆಣೆ. ಎರಡರ ಅಂಕಪದ್ಧತಿಯಲ್ಲಿ ಇದನ್ನು ಬರೆಯಲು 11 ಬಿಟ್ ಸಾಕು.

ಆದರೆ 11 ಬಿಟ್‌ನ ಡೇಟಾ ಟೈಪ್ ಬಳಕೆಯ ಬಹುತೇಕ ಭಾಷೆಗಳಲ್ಲಿ ಸಿದ್ಧವಾಗಿ ಸಿಗುವುದಿಲ್ಲ. ನೆನಪಿನಲ್ಲಿ ವಿಳಾಸ ಇರುವುದು ಬೈಟಿಗೆ, ಅಂದರೆ 8 ಬಿಟ್‌ಗಳ ಗುಂಪಿಗೆ. ಅಲ್ಲಿಂದ ಮೇಲೆ ಇಂದಿನ ಪ್ರೊಸೆಸರ್‌ಗಳು ಒಂದು ಆದೇಶದಲ್ಲಿ ತರುವುದು ಒಂದು, ಎರಡು, ನಾಲ್ಕು ಇಲ್ಲವೇ ಎಂಟು ಬೈಟ್. ಹಾಗಾಗಿ ಟೈಪ್‌ಗಳೂ 8, 16, 32, 64 ಬಿಟ್ ಎಂದು ದುಪ್ಪಟ್ಟಾಗುತ್ತ ಹೋಗುತ್ತವೆ. 1,557 ಆಣೆ 16 ಬಿಟ್‌ನಲ್ಲಿ ಆರಾಮವಾಗಿ ಹಿಡಿಯುತ್ತದೆ. ಋಣ ಸಂಖ್ಯೆಗಳಿಗೂ ಜಾಗ ಬಿಟ್ಟ 16 ಬಿಟ್‌ನ ಗರಿಷ್ಠ ಸಂಖ್ಯೆ 32,767. ಆಣೆಯ ಲೆಕ್ಕದಲ್ಲಿ 51 ಎಕರೆ 7 ಗುಂಟೆ 15 ಆಣೆ. ಋಣ ಬೇಡವೆಂದರೆ 65,535, ಎಂದರೆ 102 ಎಕರೆ 15 ಗುಂಟೆ 15 ಆಣೆ. ಒಬ್ಬ ರೈತನ ಹಿಡುವಳಿಗೆ ಇದು ಸಾಲಬಹುದು.

ಅದೇ ತಾಲ್ಲೂಕಿನ ಸೂಳೆಕೆರೆಗೆ ಸಾಲದು. ಶಾಂತಿಸಾಗರ ಎಂದೂ ಕರೆಯುವ ಈ ಕೆರೆಯ ಹರವು ಸುಮಾರು 6,500 ಎಕರೆ, ಆಣೆಯಲ್ಲಿ 41,60,000. ಇದನ್ನು 16 ಬಿಟ್‌ಗೆ ತುರುಕಿದರೆ ಮೇಲಿನ ಬಿಟ್‌ಗಳು ಕಡಿದುಹೋಗಿ ಉಳಿಯುವುದು 31,232. ಕೆರೆ 48 ಎಕರೆ 32 ಗುಂಟೆಯ ಹೊಂಡವಾಗುತ್ತದೆ, ಪರದೆಯ ಮೇಲೆ ಯಾವ ದೂರೂ ಬರುವುದಿಲ್ಲ. 41,60,000ಕ್ಕೆ 22 ಬಿಟ್ ಬೇಕು. ಮೂರು ಬೈಟ್ ಸಾಕಾದರೂ ಮೂರು ಬೈಟಿನ ರಿಜಿಸ್ಟರ್ ಇಲ್ಲದ್ದರಿಂದ 32 ಬಿಟ್‌ಗೆ ಏರಬೇಕು. ಚಿಹ್ನೆಯಿಲ್ಲದ 32 ಬಿಟ್ 429 ಕೋಟಿ 49 ಲಕ್ಷ 67 ಸಾವಿರದ 295ರವರೆಗೆ ಹಿಡಿಯುತ್ತದೆ. ಆದರೆ ಕರ್ನಾಟಕದ 1,91,791 ಚದರ ಕಿಲೋಮೀಟರನ್ನು ಆಣೆಗೆ ಇಳಿಸಿದರೆ ಮೂರು ಸಾವಿರ ಕೋಟಿ ದಾಟುತ್ತದೆ. ರಾಜ್ಯದ ಎಲ್ಲ ಪಹಣಿಗಳ ಮೊತ್ತ ಹಾಕುವವರಿಗೆ 64 ಬಿಟ್ ಇಲ್ಲದೆ ವಿಧಿಯಿಲ್ಲ. ಬಿಡಿ ಅಂಕಿಗಳೆಲ್ಲ ಸಣ್ಣ ಟೈಪಿನಲ್ಲಿ ಹಿಡಿಸುತ್ತವೆ ಎಂದ ಮಾತ್ರಕ್ಕೆ ಅವುಗಳ ಮೊತ್ತವೂ ಹಿಡಿಸಬೇಕೆಂದಿಲ್ಲ. ಓವರ್‌ಫ್ಲೋ ಎಂಬ ತಪ್ಪು ಹೆಚ್ಚಾಗಿ ನುಗ್ಗುವುದು ಈ ಬಾಗಿಲಿನಿಂದಲೇ.

ಮೊಬೈಲ್ ಸಂಖ್ಯೆಯ ಮಾತೂ ಇಲ್ಲೇ ಬರಬೇಕು. ಭಾರತದ ಹತ್ತಂಕಿಯ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಅಂದರೆ ಅತಿ ಚಿಕ್ಕದೂ 600 ಕೋಟಿಯ ಮೇಲೆ. ಒಂದೇ ಒಂದು ಸಂಖ್ಯೆಯೂ 32 ಬಿಟ್‌ನಲ್ಲಿ ಹಿಡಿಯುವುದಿಲ್ಲ. 12 ಅಂಕಿಯ ಆಧಾರ್‌ಗೆ 40 ಬಿಟ್ ಬೇಕು, 40 ಬಿಟ್‌ನ ರಿಜಿಸ್ಟರ್ ಇಲ್ಲ, ಆದ್ದರಿಂದ 64. ನಿಜ ನೋಡಿದರೆ ಇವುಗಳನ್ನು ಪೂರ್ಣಾಂಕ ಮಾಡುವ ಅಗತ್ಯವೇ ಇಲ್ಲ. ಎರಡು ಮೊಬೈಲ್ ಸಂಖ್ಯೆಗಳನ್ನು ಕೂಡಿ ಏನು ಮಾಡುವುದು? ಅಂಕಿಗಳ ಸಾಲೆಂದು ಅಕ್ಷರರೂಪದಲ್ಲೇ ಇಟ್ಟರೆ ಸಾಕು.

ಜಾಗ ಮೀರಿದಾಗ ಯಂತ್ರದೊಳಗೆ ಏನಾಗುತ್ತದೆ ಎಂಬುದು ಕೂಡುವ ಮಂಡಲವನ್ನು ನೋಡಿದರೆ ತಿಳಿಯುತ್ತದೆ. ಅದು ಶಾಲೆಯ ಕೂಡುವ ಲೆಕ್ಕದಂತೆಯೇ ಬಲದಿಂದ ಎಡಕ್ಕೆ ಒಂದೊಂದು ಸ್ಥಾನವನ್ನು ಕೂಡಿ, ದಶಕವನ್ನು ಮುಂದಿನ ಸ್ಥಾನಕ್ಕೆ ದಾಟಿಸುತ್ತದೆ. ಕೊನೆಯ ಸ್ಥಾನದಿಂದ ಹೊರಬಿದ್ದ ದಶಕಕ್ಕೆ ರಿಜಿಸ್ಟರಿನಲ್ಲಿ ಮನೆಯಿಲ್ಲ. ಪ್ರೊಸೆಸರ್ ಅದನ್ನು ಕ್ಯಾರಿ ಫ್ಲ್ಯಾಗ್ ಎಂಬ ಒಂಟಿ ಬಿಟ್‌ನಲ್ಲಿ ಗುರುತು ಹಾಕಿಟ್ಟು ಮುಂದೆ ಸಾಗುತ್ತದೆ. ಈ ‘ಬಿದ್ದುಹೋಗುವ ದಶಕ’ವೇ ಋಣ ಸಂಖ್ಯೆಗಳಿಗೂ ಆಧಾರ. 16 ಬಿಟ್‌ನಲ್ಲಿ 5ಕ್ಕೆ 65,531 ಕೂಡಿದರೆ 65,536 ಆಗಬೇಕು. ದಶಕ ಬಿದ್ದುಹೋಗಿ ಸೊನ್ನೆ ಉಳಿಯುತ್ತದೆ. ಐದಕ್ಕೆ ಕೂಡಿದಾಗ ಸೊನ್ನೆ ಕೊಡುವ ಸಂಖ್ಯೆ ಋಣ ಐದಲ್ಲದೆ ಮತ್ತೇನು? ಹಾಗಾಗಿ 65,531ರ ಬಿಟ್‌ಗಳನ್ನೇ −5 ಎಂದು ಓದುವ ಒಪ್ಪಂದ ಬೆಳೆಯಿತು. ಟೂಸ್ ಕಾಂಪ್ಲಿಮೆಂಟ್ ಎನ್ನುವುದು ಇದಕ್ಕೇ. ಕಳೆಯಲು ಬೇರೆ ಮಂಡಲ ಬೇಡ, ಚಿಹ್ನೆ ನೋಡಿ ದಾರಿ ಬದಲಿಸುವ ಗೋಜೂ ಇಲ್ಲ. ಹಳೆಯ ಯೂನಿವ್ಯಾಕ್ ಮತ್ತು ಸಿಡಿಸಿ ಯಂತ್ರಗಳು ಋಣಕ್ಕೆ ಬೇರೆ ಪದ್ಧತಿ ಹಿಡಿದಿದ್ದವು, ಅದರಲ್ಲಿ ಧನ ಸೊನ್ನೆ ಮತ್ತು ಋಣ ಸೊನ್ನೆ ಎಂದು ಎರಡು ಸೊನ್ನೆಗಳಿದ್ದವು. ಸಿ ಭಾಷೆ ಅಂಥ ಯಂತ್ರಗಳಿಗೂ ಹೊಂದಬೇಕಿದ್ದ ಕಾರಣ, ಚಿಹ್ನೆಯುಳ್ಳ ಪೂರ್ಣಾಂಕ ಮಿತಿ ಮೀರಿದರೆ ಫಲವೇನು ಎಂಬುದನ್ನು ಅದರ ನಿಯಮಗಳು ಹೇಳದೆ ಬಿಟ್ಟವು. ಸಿ23 ಎಂಬ ಆವೃತ್ತಿ ಟೂಸ್ ಕಾಂಪ್ಲಿಮೆಂಟ್ ಒಂದನ್ನೇ ಉಳಿಸಿತು. ಮಿತಿ ಮೀರಿದರೆ ಏನೆಂಬುದನ್ನು ಮಾತ್ರ ಈಗಲೂ ಹೇಳದೆಯೇ ಬಿಟ್ಟಿದೆ.

ಕೂಡುವ ಮಂಡಲಕ್ಕೆ ಚಿಹ್ನೆಯ ಅರಿವೇ ಇಲ್ಲವಾದರೆ ಸೈನ್ಡ್, ಅನ್‌ಸೈನ್ಡ್ ಎಂಬ ಭೇದ ಎಲ್ಲಿ ಕೆಲಸ ಮಾಡುತ್ತದೆ? ಹೋಲಿಸುವಾಗ, ಅಗಲಿಸುವಾಗ ಮತ್ತು ಭಾಗಿಸುವಾಗ. ಇದನ್ನು ನೋಡಲು ಕರ್ನಾಟಕದ್ದೇ ಒಂದು ಯಂತ್ರವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರ ಜೊತೆಗೂಡಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರಿನ ಮಾದರಿ 2001ರಲ್ಲಿ ಹೊರಬಂತು. ಅದರ ಒಂದು ರೂಪ 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಕೈಬರಹದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯ ಕಾಲವೂ ಅದೇ, ಭೂದಾಖಲೆಯ ಕೆಲಸಕ್ಕೂ ಸಿಂಪ್ಯೂಟರನ್ನು ಬಳಸಿದ್ದುಂಟು. ಅದರೊಳಗಿದ್ದದ್ದು ಇಂಟೆಲ್ ತಯಾರಿಸಿದ ಸ್ಟ್ರಾಂಗ್‌ಆರ್ಮ್ ಎಸ್‌ಎ-1110, 206 ಮೆಗಾಹರ್ಟ್ಸ್ ವೇಗದ 32 ಬಿಟ್ ಪ್ರೊಸೆಸರ್. ಇಂದು ಮೊಬೈಲ್‌ಗಳಲ್ಲೆಲ್ಲ ಕಾಣುವ ಆರ್ಮ್ ವಂಶದ್ದು.

ಸರ್ವೆಯ ಅಳತೆಗೂ ಪಹಣಿಗೂ 5 ಆಣೆ ಕೊರತೆ ಬಂದರೆ ವ್ಯತ್ಯಾಸ −5. 16 ಬಿಟ್‌ನ ಈ ಅಂಕಿಯನ್ನು ನೆನಪಿನಿಂದ 32 ಬಿಟ್‌ನ ರಿಜಿಸ್ಟರಿಗೆ ತರಬೇಕು. ಮೇಲಿನ 16 ಬಿಟ್‌ಗಳಲ್ಲಿ ಏನು ತುಂಬಬೇಕು? ಸೊನ್ನೆ ತುಂಬಿದರೆ 65,531, ಅಂದರೆ 5 ಆಣೆಯ ಕೊರತೆ 102 ಎಕರೆ 15 ಗುಂಟೆ 11 ಆಣೆಯ ಆಸ್ತಿಯಾಗಿಬಿಡುತ್ತದೆ. ಚಿಹ್ನೆಯ ಬಿಟ್ ಆದ 1ನ್ನೇ ಉದ್ದಕ್ಕೂ ತುಂಬಿದರೆ −5 ಆಗಿಯೇ ಉಳಿಯುತ್ತದೆ. ಆರ್ಮ್‌ನಲ್ಲಿ ಈ ಎರಡಕ್ಕೂ ಎರಡು ಬೇರೆ ಆದೇಶಗಳಿವೆ. ಯಾವುದನ್ನು ಹಾಕಬೇಕೆಂದು, ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರಿಗೆ ತಿಳಿಸುವುದು ಪ್ರೋಗ್ರಾಮರ್ ಬರೆದ ಶಾರ್ಟ್ ಅಥವಾ ಅನ್‌ಸೈನ್ಡ್ ಶಾರ್ಟ್ ಎಂಬ ಟೈಪ್ ಮಾತ್ರ. ಹೋಲಿಕೆಯದೂ ಇದೇ ಕಥೆ: ‘ದೊಡ್ಡದೇ?’ ಎಂದು ಕೇಳುವ ಆದೇಶಗಳಲ್ಲಿ ಚಿಹ್ನೆ ನೋಡುವವು ಬೇರೆ, ನೋಡದವು ಬೇರೆ. ಪ್ರೋಗ್ರಾಂ ಯಂತ್ರಭಾಷೆಗೆ ಇಳಿದ ಮೇಲೆ ಟೈಪ್ ಎಂಬುದು ಎಲ್ಲೂ ಉಳಿಯುವುದಿಲ್ಲ. ಉಳಿಯುವುದು ಅದು ಆರಿಸಿಕೊಟ್ಟ ಆದೇಶಗಳಷ್ಟೇ.

ಸಣ್ಣ ಟೈಪ್ ಬಳಸಿದರೆ ಲೆಕ್ಕ ಬೇಗ ಮುಗಿಯುತ್ತದೆ ಎಂಬ ನಂಬಿಕೆ ಸಾಮಾನ್ಯ. ಇಂಥ ಯಂತ್ರದಲ್ಲಿ ಅದು ತಲೆಕೆಳಗು. ರಿಜಿಸ್ಟರ್ ಇರುವುದೇ 32 ಬಿಟ್, ಎರಡು ಶಾರ್ಟ್‌ಗಳನ್ನು ಕೂಡಿದ ಮೇಲೆ ಫಲವನ್ನು ಮತ್ತೆ 16 ಬಿಟ್‌ಗೆ ಕತ್ತರಿಸಲು ಹೆಚ್ಚುವರಿ ಆದೇಶ ಬೇಕಾಗುತ್ತದೆ. ಇನ್ನೂ ಹಳೆಯ ಆರ್ಮ್ ಚಿಪ್‌ಗಳಲ್ಲಿ 16 ಬಿಟ್‌ನ್ನು ಒಮ್ಮೆಗೇ ತರುವ ಆದೇಶವೇ ಇರಲಿಲ್ಲ, ಎರಡು ಬೈಟ್ ತಂದು ಹೊಲಿಯಬೇಕಿತ್ತು. ಸಣ್ಣ ಟೈಪಿನ ಲಾಭ ಇರುವುದು ಜಾಗದಲ್ಲಿ. 2 ಕೋಟಿ ವಿಸ್ತೀರ್ಣಗಳಿಗೆ 16 ಬಿಟ್‌ನಂತೆ 4 ಕೋಟಿ ಬೈಟ್ ಸಾಕು, 64 ಬಿಟ್‌ನಂತೆ 16 ಕೋಟಿ ಬೇಕು. ಪ್ರೊಸೆಸರಿನ ಪಕ್ಕದ ಕ್ಯಾಶ್ ಎಂಬ ಪುಟ್ಟ ನೆನಪಿಗೆ ಇಂದಿನ ಬಹುತೇಕ ಯಂತ್ರಗಳಲ್ಲಿ ಒಂದು ಸಲಕ್ಕೆ ಬರುವುದು 64 ಬೈಟ್. ಅದರಲ್ಲಿ 16 ಬಿಟ್‌ನ 32 ಅಂಕಿಗಳು ಹಿಡಿಸಿದರೆ 64 ಬಿಟ್‌ನವು ಎಂಟೇ. ಉದ್ದನೆಯ ಪಟ್ಟಿ ಓದುವಾಗ ಸಣ್ಣ ಟೈಪ್ ಗೆಲ್ಲುವುದು ಈ ಕಾರಣಕ್ಕೆ.

ಭಾಗಾಕಾರದಲ್ಲಿ ಟೈಪಿಗೂ ಯಂತ್ರಕ್ಕೂ ಇರುವ ನಂಟು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಆಣೆಯನ್ನು ಮತ್ತೆ ಎಕರೆ, ಗುಂಟೆಗೆ ಏರಿಸಬೇಕೆಂದರೆ ಮೊದಲು 16ರಿಂದ, ಆಮೇಲೆ 40ರಿಂದ ಭಾಗಿಸಬೇಕು. ಸಿಂಪ್ಯೂಟರಿನ ಚಿಪ್‌ನಲ್ಲಿ ಭಾಗಿಸುವ ಆದೇಶವೇ ಇಲ್ಲ. ಅದೇನೂ ಮರೆತು ಬಿಟ್ಟದ್ದಲ್ಲ. ಭಾಗಿಸುವ ಮಂಡಲ ಚಿಪ್‌ನಲ್ಲಿ ಜಾಗ ತಿನ್ನುತ್ತದೆ, ವಿದ್ಯುತ್ತೂ ಬೇಕು, ಬ್ಯಾಟರಿಯ ಯಂತ್ರಕ್ಕೆ ಎರಡೂ ದುಬಾರಿ. 16 ಎರಡರ ಘಾತವಾದ್ದರಿಂದ ಬಿಟ್‌ಗಳನ್ನು ನಾಲ್ಕು ಸ್ಥಾನ ಬಲಕ್ಕೆ ಸರಿಸಿದರೆ ಗುಂಟೆ ಸಿಗುತ್ತದೆ. 1,557ನ್ನು ಹಾಗೆ ಸರಿಸಿದರೆ 97. ಸರಿದುಬಿದ್ದ ನಾಲ್ಕು ಬಿಟ್‌ಗಳೇ ಉಳಿಕೆ 5 ಆಣೆ. 40 ಎರಡರ ಘಾತವಲ್ಲ. ಅಲ್ಲಿ ಕಂಪೈಲರ್ ಒಂದು ಉಪಾಯ ಮಾಡುತ್ತದೆ: ಭಾಗಿಸುವ ಬದಲು ಮೊದಲೇ ಲೆಕ್ಕಹಾಕಿಟ್ಟ ಒಂದು ದೊಡ್ಡ ಸಂಖ್ಯೆಯಿಂದ ಗುಣಿಸಿ, 64 ಬಿಟ್‌ನ ಗುಣಲಬ್ಧದ ಮೇಲಿನ ಭಾಗವನ್ನಷ್ಟೇ ಸರಿಸಿ ತೆಗೆದುಕೊಳ್ಳುತ್ತದೆ. 97ರಿಂದ 2 ಎಕರೆ, ಉಳಿಕೆ 17 ಗುಂಟೆ. ಭಾಜಕ ಮೊದಲೇ ಗೊತ್ತಿಲ್ಲದಿದ್ದರೆ ಈ ಉಪಾಯವೂ ನಡೆಯದು, ಹತ್ತಾರು ಆದೇಶಗಳ ಒಂದು ಉಪಪ್ರೋಗ್ರಾಂ ಓಡಬೇಕು.

ಇಲ್ಲಿಯೂ ಚಿಹ್ನೆ ತಕರಾರು ಮಾಡುತ್ತದೆ. −5ನ್ನು ಚಿಹ್ನೆ ಉಳಿಸಿಕೊಂಡು ನಾಲ್ಕು ಸ್ಥಾನ ಸರಿಸಿದರೆ −1 ಬರುತ್ತದೆ. ಸಿ ಭಾಷೆಯ ನಿಯಮದಂತೆ ಬರಬೇಕಾದದ್ದು 0, ಉಳಿಕೆ −5. ಈ ಅಂತರ ಸರಿಪಡಿಸಲು ಕಂಪೈಲರ್ ಋಣ ಸಂಖ್ಯೆಗಳಿಗೆ ಮೊದಲು 15 ಕೂಡಿ ಆಮೇಲೆ ಸರಿಸುತ್ತದೆ. ಅನ್‌ಸೈನ್ಡ್ ಎಂದು ಬರೆದಿದ್ದರೆ ಒಂದೇ ಸರಿಕೆ ಸಾಕಾಗುತ್ತಿತ್ತು. ಜಮೀನಿನ ವಿಸ್ತೀರ್ಣ ಎಂದೂ ಋಣವಾಗದು ಎಂಬುದು ಮನುಷ್ಯನಿಗೆ ಗೊತ್ತು, ಯಂತ್ರಕ್ಕೆ ಅದನ್ನು ಟೈಪಿನ ಮೂಲಕವೇ ಹೇಳಬೇಕು.

ಒಂದಕ್ಕಿಂತ ಹೆಚ್ಚು ಬೈಟ್ ಹಿಡಿಯುವ ಅಂಕಿಯನ್ನು ನೆನಪಿನಲ್ಲಿ ಯಾವ ತುದಿಯಿಂದ ಇಡಬೇಕು ಎಂಬ ಪ್ರಶ್ನೆಗೆ ಎಲ್ಲ ಯಂತ್ರಗಳ ಉತ್ತರ ಒಂದೇ ಅಲ್ಲ. 1,557ರ ಎರಡು ಬೈಟ್‌ಗಳು 6 ಮತ್ತು 21. ಇಂಟೆಲ್ ವಂಶದ ಯಂತ್ರಗಳು ಚಿಕ್ಕ ತುದಿ ಮೊದಲೆಂದು 21, 6 ಎಂದಿಡುತ್ತವೆ. ಇಂಟರ್‌ನೆಟ್ ಜಾಲದ ಒಪ್ಪಂದಗಳಲ್ಲಿ ದೊಡ್ಡ ತುದಿ ಮೊದಲು. ಒಂದು ಕ್ರಮದಲ್ಲಿ ಬರೆದದ್ದನ್ನು ಇನ್ನೊಂದು ಕ್ರಮದಲ್ಲಿ ಓದಿದರೆ 5,382 ಆಣೆಯಾಗಿ, ತೋಟ 8 ಎಕರೆ 16 ಗುಂಟೆ 6 ಆಣೆಗೆ ಬೆಳೆಯುತ್ತದೆ.

ಚಾರ್ ಎಂಬ ಟೈಪ್ ಹೆಸರಿಗೆ ಅಕ್ಷರದ್ದು, ನಡತೆಯಲ್ಲಿ 8 ಬಿಟ್‌ನ ಪೂರ್ಣಾಂಕ. ಇಂಗ್ಲಿಷಿನ ಅಕ್ಷರಗಳು 127ರೊಳಗೇ ಮುಗಿಯುವುದರಿಂದ ಅಲ್ಲಿ ಚಿಹ್ನೆಯ ಪ್ರಶ್ನೆ ಏಳುವುದಿಲ್ಲ. ಕನ್ನಡದಲ್ಲಿ ಏಳುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳಿವೆ; ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಸ್ಥಾನಕ್ಕೂ ಮೂರು ಬೈಟ್. ‘ಬ’ ಎಂದರೆ 224, 178, 172. ಕಣ್ಣಿಗೆ ಆರೇ ಅಕ್ಷರವಾಗಿ ಕಾಣುವ ‘ಬಸವಾಪಟ್ಟಣ’ ದೀರ್ಘ, ಒತ್ತುಗಳೂ ಸೇರಿ ಒಂಬತ್ತು ಸಂಕೇತ, 27 ಬೈಟ್. ಇಂಟೆಲ್ ಯಂತ್ರಗಳ ಕಂಪೈಲರ್‌ಗಳು ಚಾರ್‌ಗೆ ಚಿಹ್ನೆಯಿದೆ ಎಂದು ತಿಳಿಯುತ್ತವೆ, ಆರ್ಮ್ ಲಿನಕ್ಸ್‌ನವು ಇಲ್ಲವೆಂದು. ಆರ್ಮ್‌ನಲ್ಲಿ ಬೈಟ್ ತರುವ ಮೂಲ ಆದೇಶ ಮೇಲೆಲ್ಲ ಸೊನ್ನೆ ತುಂಬುತ್ತದೆ, ರೂಢಿ ಅದನ್ನೇ ಹಿಂಬಾಲಿಸಿತು. ಹೀಗಾಗಿ ಒಂದೇ ಪ್ರೋಗ್ರಾಂ, ಒಂದೇ ‘ಬ’. ಮೇಜಿನ ಕಂಪ್ಯೂಟರಿನಲ್ಲಿ ಮೊದಲ ಬೈಟ್ −32, ಸಿಂಪ್ಯೂಟರಿನಂಥ ಯಂತ್ರದಲ್ಲಿ 224. ಆ ಬೈಟನ್ನು ಕೋಷ್ಟಕದ ಕ್ರಮಸಂಖ್ಯೆಯಾಗಿ ಬಳಸಿದರೆ ಒಂದು ಕಡೆ ಸರಿಯಾದ ಮನೆ, ಇನ್ನೊಂದು ಕಡೆ ಕೋಷ್ಟಕದಿಂದಾಚೆಗೆ ಯಾರದೋ ನೆನಪು. ಇಂಗ್ಲಿಷಿನಲ್ಲಿ ವರ್ಷಗಟ್ಟಲೆ ನೆಟ್ಟಗೆ ನಡೆದ ಪ್ರೋಗ್ರಾಂ ಕನ್ನಡ ಕಂಡೊಡನೆ ಮುಗ್ಗರಿಸುವುದಕ್ಕೆ ಇದೂ ಒಂದು ಕಾರಣ.

ಇಂಟ್ ಎಷ್ಟು ಬೈಟ್ ಎಂಬ ಪ್ರಶ್ನೆ ರಾಜ್ಯದ ಕಾಲೇಜುಗಳ ಮೌಖಿಕ ಪರೀಕ್ಷೆಗಳಿಗೆ ಹಳೆಯದು. ಪ್ರಯೋಗಾಲಯಗಳಲ್ಲಿ ಬಹುಕಾಲ ಆಳಿದ ಟರ್ಬೊ ಸಿ ಕಂಪೈಲರಿನ ಪ್ರಕಾರ ಎರಡು. ಇಂದಿನ ಲಿನಕ್ಸ್ ಕಂಪೈಲರಿನ ಪ್ರಕಾರ ನಾಲ್ಕು. ಎರಡೂ ಸರಿ. ಡೆನಿಸ್ ರಿಚಿ 1970ರ ದಶಕದ ಮೊದಲಲ್ಲಿ ಸಿ ಭಾಷೆಯನ್ನು ಬೆಳೆಸಿದ್ದು 16 ಬಿಟ್‌ನ ಪಿಡಿಪಿ-11 ಯಂತ್ರದ ಮೇಲೆ. ಇಂಟ್ ಎಂದರೆ ಆಯಾ ಯಂತ್ರಕ್ಕೆ ಸಹಜವಾದ ಅಗಲ, ಕನಿಷ್ಠ 16 ಬಿಟ್ ಎಂಬಷ್ಟೇ ಕಟ್ಟಳೆ. ಟರ್ಬೊ ಸಿ ಇಂಟೆಲ್ 8086 ಚಿಪ್‌ನ 16 ಬಿಟ್ ರಿಜಿಸ್ಟರಿಗೆ ಹೊಲಿದದ್ದು. 32 ಬಿಟ್ ಯಂತ್ರಗಳು ಬಂದಾಗ ಇಂಟ್ ಅವುಗಳ ಜೊತೆ ಬೆಳೆಯಿತು. 64 ಬಿಟ್ ಬಂದಾಗ ಮಾತ್ರ ಬೆಳೆಯಲಿಲ್ಲ. ಅಷ್ಟರಲ್ಲಿ ಇಂಟ್ ನಾಲ್ಕು ಬೈಟ್ ಎಂದೇ ನಂಬಿ ಬರೆದ ಪ್ರೋಗ್ರಾಮುಗಳು ಲೆಕ್ಕವಿಲ್ಲದಷ್ಟಿದ್ದವು. ಲಾಂಗ್ ಲಿನಕ್ಸ್‌ನಲ್ಲಿ 64 ಬಿಟ್ ಆಯಿತು, ವಿಂಡೋಸ್‌ನಲ್ಲಿ 32ರಲ್ಲೇ ನಿಂತಿತು. ಈ ಗೊಂದಲಕ್ಕೆ ಸಿ99 ಕೊಟ್ಟ ಪರಿಹಾರ ಇಂಟ್16, ಇಂಟ್32, ಇಂಟ್64 ಎಂದು ಅಗಲವನ್ನು ಹೆಸರಿನಲ್ಲೇ ಸೇರಿಸಿದ ಟೈಪ್‌ಗಳು. ಜಾವಾ ಮೊದಲಿನಿಂದಲೇ ಯಂತ್ರ ಯಾವುದಾದರೂ ಇಂಟ್ 32 ಬಿಟ್ ಎಂದು ಖಾತ್ರಿ ಮಾಡಿತು.

ಸಣ್ಣ ಯಂತ್ರಗಳಲ್ಲಿ 16 ಬಿಟ್‌ನ ಇಂಟ್ ಇನ್ನೂ ಜೀವಂತ. ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಕಾಣುವ ಹಳೆಯ ಆರ್ಡುಯಿನೋ ಊನೋ ಫಲಕದ ಪ್ರೊಸೆಸರ್ 8 ಬಿಟ್‌ನದು, ಅದರ ಇಂಟ್ 16 ಬಿಟ್. ಒಂದು ಸಂಕಲನಕ್ಕೆ ಎರಡು ಆದೇಶ. ಅದರಿಂದ ಅಡಿಕೆ ತೂಗುವ ತಕ್ಕಡಿ ಕಟ್ಟಿ, ತೂಕವನ್ನು ಗ್ರಾಂನಲ್ಲಿ ಇಂಟ್‌ನೊಳಗೆ ಇಟ್ಟರೆ 32 ಕಿಲೋ 767 ಗ್ರಾಂವರೆಗೆ ಎಲ್ಲ ಸರಿ. 50 ಕಿಲೋ ಚೀಲ ಏರಿಸಿದರೆ −15,536 ಗ್ರಾಂ ತೋರಿಸುತ್ತದೆ. ಇಂಥದ್ದೇ ತಪ್ಪು ಮಂಡಿಯಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ, ಆಕಾಶದಲ್ಲಿ ಹಾಗಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ ನೆಲಬಿಟ್ಟ ಸುಮಾರು 40 ಸೆಕೆಂಡಿಗೆ ನಾಶವಾಯಿತು. 64 ಬಿಟ್‌ನ ಭಿನ್ನಾಂಕವೊಂದನ್ನು 16 ಬಿಟ್ ಪೂರ್ಣಾಂಕಕ್ಕೆ ಇಳಿಸುವಾಗ ಅದು ಹಿಡಿಸಲಿಲ್ಲ. ಅದೇ ಪ್ರೋಗ್ರಾಂ ಏರಿಯಾನ್-4ರಲ್ಲಿ ಸರಿಯಾಗಿಯೇ ನಡೆದಿತ್ತು. ಹೊಸ ರಾಕೆಟ್ಟಿನ ವೇಗ ಹೆಚ್ಚು.

ಕೆಲವು ಅಗಲಗಳನ್ನು ರಿಜಿಸ್ಟರ್ ಅಲ್ಲ, ರೇಡಿಯೊ ಸಂಕೇತ ಗೊತ್ತುಮಾಡುತ್ತದೆ. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ನಿರ್ವಹಣಾ ಕೇಂದ್ರವಿರುವ ಇಸ್ರೋದ ನಾವಿಕ್ ಎಂಬ ಉಪಗ್ರಹ ಪಥದರ್ಶನ ವ್ಯವಸ್ಥೆಯ ಸಂಕೇತದಲ್ಲಿ ವಾರದ ಎಣಿಕೆಗೆ ಹತ್ತೇ ಬಿಟ್. 1999ರ ಆಗಸ್ಟ್ 22ರಿಂದ ಶುರುವಾದ ಎಣಿಕೆ 1,024 ವಾರಕ್ಕೆ, 2019ರ ಏಪ್ರಿಲ್‌ನಲ್ಲಿ, ಒಂದು ಸುತ್ತು ಮುಗಿಸಿ ಸೊನ್ನೆಗೆ ಬಂತು. ಎಷ್ಟನೆಯ ಸುತ್ತು ಎಂಬುದನ್ನು ಗ್ರಾಹಕ ಯಂತ್ರವೇ ನೆನಪಿಡಬೇಕು. ಯುನಿಕ್ಸ್ ವಂಶದ ಗಡಿಯಾರ 1970ರಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿದೆ. ಅದನ್ನು ಚಿಹ್ನೆಯುಳ್ಳ 32 ಬಿಟ್‌ನಲ್ಲಿ ಇಟ್ಟ ಯಂತ್ರಗಳಲ್ಲಿ 2038ರ ಜನವರಿ 19ರಂದು, ಭಾರತದ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಎಣಿಕೆ 214 ಕೋಟಿ 74 ಲಕ್ಷ 83 ಸಾವಿರದ 647 ಮುಟ್ಟುತ್ತದೆ. ಮರುಕ್ಷಣ 1901ರ ಡಿಸೆಂಬರ್. 64 ಬಿಟ್‌ಗೆ ಬದಲಾದ ವ್ಯವಸ್ಥೆಗಳಿಗೆ ಈ ಕಾಟವಿಲ್ಲ.

ರಿಜಿಸ್ಟರಿಗಿಂತ ದೊಡ್ಡ ಸಂಖ್ಯೆಗೂ ದಾರಿಯಿದೆ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ 1986ರಲ್ಲಿ ಕಟ್ಟಿದ ಫ್ಲೊಸಾಲ್ವರ್ ಎಂಬ ಸಮಾಂತರ ಕಂಪ್ಯೂಟರಿನಲ್ಲಿದ್ದದ್ದೂ 16 ಬಿಟ್‌ನ 8086 ಚಿಪ್‌ಗಳೇ, ಜೊತೆಗೆ ಭಿನ್ನಾಂಕಗಳ ಲೆಕ್ಕಕ್ಕೆ 8087. ಇಂಥ ಚಿಪ್ ಸೂಳೆಕೆರೆಯ 41,60,000ನ್ನು 63 ಮತ್ತು 31,232 ಎಂಬ ಎರಡು ತುಂಡಾಗಿ ಎರಡು ರಿಜಿಸ್ಟರುಗಳಲ್ಲಿ ಇಟ್ಟುಕೊಳ್ಳುತ್ತದೆ. ಮೇಲಿನ ತುಂಡನ್ನು 65,536ರಿಂದ ಗುಣಿಸಿ ಕೆಳಗಿನದನ್ನು ಕೂಡಿದರೆ ಪೂರ್ತಿ ಸಂಖ್ಯೆ. ಕೂಡುವಾಗ ಮೊದಲು ಕೆಳಗಿನ ತುಂಡುಗಳು. ಹೊರಬಿದ್ದ ದಶಕ ಕ್ಯಾರಿ ಫ್ಲ್ಯಾಗಿನಲ್ಲಿ ಕಾದಿರುತ್ತದೆ. ಆಮೇಲೆ ಮೇಲಿನ ತುಂಡುಗಳನ್ನು ಆ ದಶಕದ ಸಮೇತ ಕೂಡಲು ಬೇರೆಯೇ ಒಂದು ಆದೇಶವಿದೆ. ಟರ್ಬೊ ಸಿ-ಯ ಲಾಂಗ್ ನಡೆದದ್ದು ಹೀಗೆ.

ಪೈಥಾನ್ ಭಾಷೆ ಇದೇ ಕ್ರಮವನ್ನು ಎಷ್ಟು ತುಂಡಿಗೆ ಬೇಕಾದರೂ ಚಾಚುತ್ತದೆ. 64 ಬಿಟ್ ಯಂತ್ರಗಳಲ್ಲಿ ಅದರ ಪೂರ್ಣಾಂಕ 30 ಬಿಟ್‌ಗಳ ತುಂಡುಗಳ ಸರಣಿ. 30 ಎಂಬುದು ಎರಡು ತುಂಡುಗಳ ಗುಣಲಬ್ಧ 64 ಬಿಟ್‌ನೊಳಗೆ ನಿಲ್ಲಲೆಂದು. ಅಲ್ಲಿ ಓವರ್‌ಫ್ಲೋ ಇಲ್ಲ, ನೆನಪು ಇರುವತನಕ ಸಂಖ್ಯೆ ಬೆಳೆಯುತ್ತದೆ. ಬೆಲೆ ಬೇರೆ ಕಡೆ ಬೀಳುತ್ತದೆ: ಸಿ-ಯಲ್ಲಿ 2 ಬೈಟ್‌ನ 1,557 ಪೈಥಾನ್‌ನಲ್ಲಿ 28 ಬೈಟ್ ಹಿಡಿಯುತ್ತದೆ, ಟೈಪ್ ಯಾವುದೆಂಬ ಗುರುತು ಮತ್ತು ತುಂಡುಗಳ ಲೆಕ್ಕವೂ ಸಂಖ್ಯೆಯ ಜೊತೆಗೇ ಇರುವುದರಿಂದ. 2 ಕೋಟಿ ಪಹಣಿಗಳಿಗೆ 4 ಕೋಟಿ ಬೈಟ್ ಬದಲು 56 ಕೋಟಿ. ಹಾಗಾಗಿ ಪೈಥಾನ್‌ನಲ್ಲೇ ಉದ್ದದ ಪಟ್ಟಿಗಳನ್ನು ಲೆಕ್ಕಹಾಕುವವರು ನಂಪೈ ಎಂಬ ಸಂಗ್ರಹವನ್ನು ಬಳಸುತ್ತಾರೆ. ಅದರಲ್ಲಿ ಪಟ್ಟಿ ಮಾಡುವಾಗ ಇಂಟ್16, ಇಂಟ್32, ಇಂಟ್64ರಲ್ಲಿ ಯಾವುದೆಂದು ಮತ್ತೆ ಆರಿಸಬೇಕು.